ಸಾಕು ಎಂಬ ಹೆಸರು

ಫೆಬ್ರವರಿ 11

ಅಕ್ಕಾ,

ಕೂತರೆ ನಿಲ್ಲಬೇಕು ಅನ್ನಿಸುತ್ತದೆ, ನಿಂತರೆ ಕೂರಬೇಕು ಅನ್ನಿಸುತ್ತದೆ. ಏಳನೇ ತಿಂಗಳಲ್ಲಿ ಹಾಗೇ ಇರುತ್ತದೆ ಎನ್ನುತ್ತಾರೆ ಡಾಕ್ಟರಮ್ಮ. ನಮ್ಮ ಕಟ್ಟಡದ ಕೆಳಗೆ ವೆಲ್ಡಿಂಗ್ ಅಂಗಡಿ ಇದೆಯಲ್ಲ, ಅವನು ಬೆಳಿಗ್ಗೆ ಕಬ್ಬಿಣ ಕೊಯ್ಯಲು ಶುರುಮಾಡಿದರೆ ಹೊಟ್ಟೆಯೊಳಗಿನದೂ ಕಾಲು ಝಾಡಿಸುತ್ತದೆ. ‘ಕ್ರೇನ್ ಓಡಿಸೋನ ಮಗು, ಸದ್ದಿಗೆಲ್ಲ ಹೆದರಲ್ಲ’ ಎಂದು ಇವರು ನಗುತ್ತಾರೆ.

ನಿನಗೊಂದು ಕೆಲಸ ಹೇಳುತ್ತೇನೆ, ಮಾಡಿಕೊಡು. ನಾನು ಹೆಸರು ಬದಲಾಯಿಸಿಕೊಳ್ಳುತ್ತಿದ್ದೇನೆ. ಮಗು ಹುಟ್ಟುವ ಮುಂಚೆ ಆಗಿಬಿಡಬೇಕು. ನಿನ್ನೆ ಕಾರ್ಖಾನೆಯ ಸ್ವಿಚ್‌ಬೋರ್ಡಿನಲ್ಲಿ ಯಾರೋ ಗುತ್ತಿಗೆದಾರರು ಲೈನಿಗೆ ಬಂದರು. ‘ಯಾರಮ್ಮಾ ಮಾತಾಡೋದು?’ ಎಂದರು. ‘ಸಾಕು’ ಎಂದೆ. ‘ಏನು ಸಾಕು? ನಾನಿನ್ನೂ ಶುರುವೇ ಮಾಡಿಲ್ಲವಲ್ಲ.’ ಪಕ್ಕದ ಸೀಟಿನವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಾನೂ ನಕ್ಕೆ. ಶಾಲೆಯಲ್ಲೂ ಹೀಗೇ ನಗುತ್ತಿದ್ದೆ. ಹಾಜರಿ ಕರೆಯುವಾಗ ಮೇಷ್ಟ್ರು ‘ಸಾಕು’ ಅಂದರೆ ಮುಗಿಯಿತೆಂದು ಇಡೀ ಕ್ಲಾಸು ಪುಸ್ತಕ ತೆಗೆಯುತ್ತಿತ್ತು. ನಾಳೆ ನನ್ನ ಮಗುವನ್ನು ಯಾರಾದರೂ ‘ನಿಮ್ಮಮ್ಮನ ಹೆಸರೇನು’ ಎಂದು ಕೇಳಿದಾಗ ಅದೂ ನಗುತ್ತಾ ಹೇಳಬೇಕೇ?

ಅದಕ್ಕೇ, ಅಪ್ಪನನ್ನು ಕೇಳು. ಈ ಹೆಸರು ಏನಂದುಕೊಂಡು ಇಟ್ಟರು? ದೊಡ್ಡಮ್ಮ ಹೇಳಿದ್ದು ನೆನಪಿದೆ. ‘ಎರಡು ಹೆಣ್ಣಾದ ಮೇಲೆ ಮೂರನೇದೂ ಹೆಣ್ಣು. ನಿಮ್ಮಪ್ಪ ಸಾಕಪ್ಪಾ ಸಾಕು ಅಂದ, ಅದೇ ಹೆಸರಾಗೋಯ್ತು.’ ಆದರೂ ಅಪ್ಪನ ಬಾಯಿಂದಲೇ ಒಂದು ಸಲ ಬರಲಿ. ಹಳೆಯ ಅಂಗಿ ಬಿಸಾಡುವ ಮುಂಚೆ ಜೇಬು ನೋಡಿಕೊಳ್ಳುವುದಿಲ್ಲವೇ, ಹಾಗೆ. ನಾನೇ ಕೇಳೋಣವೆಂದರೆ ಅಪ್ಪನಿಗೂ ನನಗೂ ‘ಊಟ ಆಯ್ತಾ’ ಬಿಟ್ಟು ಬೇರೆ ಮಾತಿಲ್ಲದೆ ಎಷ್ಟೋ ವರ್ಷವಾಯಿತು. ಅಮ್ಮನನ್ನು ಮಾತ್ರ ಕೇಳಬೇಡ. ಅವಳು ನೊಂದುಕೊಳ್ಳುತ್ತಾಳೆ.

ಸಾಕು (ಸದ್ಯಕ್ಕೆ)


ಫೆಬ್ರವರಿ 25

ಸಾಕೂ,

ಬೇಕರಿಯಿಂದ ಬಂದು, ತಲೆಯ ಮೈದಾ ಕೊಡವಿಕೊಂಡು, ಎಂದಿನ ಹಾಗೆ ನಿನ್ನ ಪತ್ರವನ್ನು ಇಬ್ಬರಿಗೂ ಓದಿದೆ. ಅಪ್ಪ ಕಿಟಕಿ ಪಕ್ಕದ ಕುರ್ಚಿಯಲ್ಲಿ, ಅಮ್ಮ ಹೊಲಿಗೆ ಮಿಷನ್ ನಿಲ್ಲಿಸಿಕೊಂಡು. ಕೆಲವು ಸಾಲು ನುಂಗಿದೆ, ಯಾವುವೆಂದು ನಿನಗೆ ಗೊತ್ತು. ಗುತ್ತಿಗೆದಾರರ ಮಾತಿಗೆ ಅಪ್ಪ ನಗಲಿಲ್ಲ. ‘ಯಾರವನು, ಅಷ್ಟು ಸಲಿಗೆ?’ ಎಂದರು.

ಅಪ್ಪನ ಕಣ್ಣು ಇನ್ನಷ್ಟು ಮಂಜಾಗಿದೆ. ಟಾಕೀಸಿನಲ್ಲಿ ಸಿನಿಮಾ ಓಡಿಸುತ್ತಾ ಆ ಪ್ರೊಜೆಕ್ಟರಿನ ಕಾರ್ಬನ್ ಬೆಳಕು ಇಷ್ಟು ವರ್ಷ ನೋಡಿದ್ದಕ್ಕೆ ಬೆಲೆ ತೆರಲೇಬೇಕಲ್ಲ ಎಂದರು ಕಣ್ಣಿನ ಡಾಕ್ಟರು. ಈಗ ಕಿಟಕಿ ಎಲ್ಲಿದೆ ಎನ್ನುವುದಷ್ಟೇ ತಿಳಿಯುತ್ತದೆ. ಆದರೂ ಟಾಕೀಸಿನ ಹತ್ತಿರ ಹೋಗಿ ಬರುತ್ತಾರೆ, ಗೋಡೆ ಸವರಿಕೊಂಡು.

ಅಮ್ಮ ನೀರು ಹಿಡಿಯಲು ಹೊರಗೆ ಹೋದಾಗ ನಿನ್ನ ಪ್ರಶ್ನೆ ಕೇಳಿದೆ.

‘ನಾನೇ ಇಟ್ಟಿದ್ದು ಅಂತ ಬರಿ’ ಎಂದರು.

‘ಅರ್ಥ ಏನು ಅಂತ ಕೇಳ್ತಾಳೆ.’

‘ಅವಳಿಗೆ ಏನು ಗೊತ್ತೋ ಅದನ್ನೇ ಬರಿ.’

ಇದಕ್ಕಿಂತ ಹೆಚ್ಚು ನನ್ನಿಂದ ಹೊರಡಿಸಲಾಗಲಿಲ್ಲ. ಸಾಕು ಎನ್ನುವುದು ಬೇಸರದ ಮಾತೇ ಆಗಬೇಕೇ? ತುಂಬಿದ ತಟ್ಟೆಯ ಮುಂದೆ ಕೂತವರೂ ಸಾಕು ಎನ್ನುತ್ತಾರೆ. ಈಗ ಅದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡ. ಕಾಲು ಊದಿದೆಯೇ? ಮಲಗುವಾಗ ದಿಂಬಿನ ಮೇಲೆ ಇಟ್ಟುಕೋ.

ಅಕ್ಕ


ಮಾರ್ಚ್ 9

ಅಕ್ಕಾ,

ತುಂಬಿದ ತಟ್ಟೆಯಂತೆ. ಬೇಕರಿಯಲ್ಲಿದ್ದು ನಿನಗೆ ಎಲ್ಲವೂ ತಿನ್ನುವುದರಲ್ಲೇ ಕಾಣುತ್ತದೆ.

ನನಗೆ ಹನ್ನೊಂದು ವರ್ಷ ಆಗ. ದೊಡ್ಡಮ್ಮ ಹೇಳಿದ ದಿನವೇ, ಟಾಕೀಸಿನಿಂದ ಬಂದು ಕೈ ತೊಳೆಯುತ್ತಿದ್ದ ಅಪ್ಪನ ಮುಂದೆ ನಿಂತು ಕೇಳಿದೆ. ‘ನಾನು ನಿಮಗೆ ಬೇಡವಾಗಿತ್ತಾ?’ ಅಪ್ಪ ನನ್ನನ್ನು ನೋಡಲಿಲ್ಲ, ಅಮ್ಮನನ್ನು ನೋಡಿದರು. ಆಮೇಲೆ ‘ಹೆಸರು ನಾನೇ ಇಟ್ಟೆ’ ಎಂದು ಟವೆಲ್ ಹುಡುಕಿದರು. ಅಮ್ಮ ಅಡುಗೆಮನೆಗೆ ಹೋಗಿ ಅತ್ತಳು. ಗಂಡನ ಬಾಯಲ್ಲಿ ಅಂಥ ಮಾತು ಕೇಳಿದರೆ ಯಾರಾದರೂ ಅಳುತ್ತಾರೆ. ಆ ದಿನ ಅಮ್ಮ ನನ್ನ ತಲೆ ಬಾಚಿ, ಬಿಚ್ಚಿ, ಮತ್ತೆ ಬಾಚಿದಳು. ಅವಳ ಕೈ ನನ್ನ ತಲೆಯ ಮೇಲೆ ಇಲ್ಲದಿದ್ದರೆ ಆ ಮನೆಯಲ್ಲಿ ನಾನು ಇರುತ್ತಿದ್ದೆನೋ ಇಲ್ಲವೋ.

ಈ ಪತ್ರ ನುಂಗದೆ ಓದು. ಅಪ್ಪ ಕೇಳಲಿ. ಬೇಡದ ಮಗುವಿಗೆ ಬೇಡ ಎಂದೇ ಹೆಸರಿಟ್ಟು, ಜೀವನವಿಡೀ ಅವಳು ತನ್ನ ಬಾಯಿಂದಲೇ ಅದನ್ನು ಹೇಳಿಕೊಂಡು ತಿರುಗುವ ಹಾಗೆ ಮಾಡುವುದಕ್ಕೆ ಗಟ್ಟಿ ಎದೆ ಬೇಕು. ಹೆರಿಗೆಗೆ ಅಮ್ಮ ಒಬ್ಬಳೇ ಬರಲಿ. ಅಪ್ಪ ಬರುವುದು ಬೇಡ. ನನಗೂ ಹೆಣ್ಣೇ ಆದರೆ ಅವರ ಮುಖ ನಾನು ನೋಡಲಾರೆ.

ಸಾಕು


ಮಾರ್ಚ್ 19

ಸಾಕೂ,

ನಾನು ಓದಲಿಲ್ಲ. ನಿನಗೆ ಕೋಪ ಬಂದರೆ ಬರಲಿ.

ಅದರ ಬದಲು ನಾನೇ ಹುಟ್ಟಿಸಿಕೊಂಡು ಓದಿದೆ. ಅಪ್ಪನ ಕಣ್ಣಿನ ಔಷಧಿ ಮುಗಿಯಿತೇ, ಬೇರೆ ಕಳಿಸಲೇ ಎಂದು ನೀನು ಕೇಳಿರುವ ಹಾಗೆ. ಅಪ್ಪ ‘ಅವಳು ಹಾಗೆಲ್ಲ ಕೇಳಲ್ಲ’ ಎಂದರು. ಆಮೇಲೆ ‘ಅದೊಂದು ಸಾಲು ಇನ್ನೊಂದ್ಸಲ ಓದು’ ಎಂದರು. ಇಲ್ಲದ ಸಾಲನ್ನು ಎರಡನೇ ಸಲ ಓದುವುದು ಎಷ್ಟು ಕಷ್ಟ ಗೊತ್ತೇ ನಿನಗೆ? ಮೊದಲು ಏನು ಹೇಳಿದ್ದೆ ಎನ್ನುವುದೇ ಮರೆತುಹೋಗಿತ್ತು.

ಅಮ್ಮನಿಗೆ ಬರಲಾಗುವುದಿಲ್ಲ. ಅವಳ ಮಂಡಿ ಸರಿಯಿಲ್ಲ, ನಿಮ್ಮ ಮೂರು ಮಹಡಿ ಹತ್ತಲಾರಳು. ನಾನು ಬರೋಣವೆಂದರೆ ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವರು ಇನ್ನೊಬ್ಬರಿಲ್ಲ. ನಿಮ್ಮ ಎದುರು ಮನೆಯ ಟೈಲರಮ್ಮ ಒಳ್ಳೆಯವರು ಎಂದಿದ್ದೆಯಲ್ಲ, ಅವರನ್ನು ಕೇಳಿಟ್ಟುಕೋ.

ಬಯ್ಯುವುದಿದ್ದರೆ ನನ್ನನ್ನು ಬಯ್ಯಿ.

ಅಕ್ಕ


ಏಪ್ರಿಲ್ 2

ಅಕ್ಕಾ,

ಅಮ್ಮನ ಮಂಡಿ. ಹೋದ ಸಲ ನಾನು ಬಂದಾಗ ಮಾರ್ಕೆಟ್ಟಿನಿಂದ ಎರಡು ಚೀಲ ಹೊತ್ತುಕೊಂಡು ನನಗಿಂತ ಮುಂದೆ ನಡೆದವಳು ಅವಳು. ಅಪ್ಪ ಬಿಡುತ್ತಿಲ್ಲ ಎಂದು ನೇರವಾಗಿ ಬರೆಯಬಾರದೇ? ತಾನು ಬರಬಾರದು ಅಂದಮೇಲೆ ಹೆಂಡತಿಯೂ ಹೋಗುವುದು ಬೇಡ, ಅಷ್ಟೇ ತಾನೇ?

ಇರಲಿ. ಮನೆಯಲ್ಲಿ ಏನೋ ಒಂದನ್ನು ನೀವೆಲ್ಲ ಸೇರಿ ಮುಚ್ಚಿಟ್ಟುಕೊಂಡು ಕೂತಿದ್ದೀರಿ ಅನ್ನಿಸುತ್ತದೆ. ಅದು ಏನೆಂದು ನನಗೆ ಗೊತ್ತಿರುವುದೇ ಅಲ್ಲವೇ, ಇನ್ನೇನು ಮುಚ್ಚುವುದು?

ಸಾಕು


ಮೇ 3

ಅಕ್ಕಾ,

ಹೆಣ್ಣು ಮಗು ಎಂದು ಇವರು ಹಾಕಿದ ಕಾರ್ಡು ಸಿಕ್ಕಿರಬೇಕು. ನಾನೂ ಚೆನ್ನಾಗಿದ್ದೇನೆ ಎಂದು ಬರೆದಿರುತ್ತಾರೆ.

ನಿಂತುಕೊಂಡೇ ಬರೆಯುತ್ತಿದ್ದೇನೆ, ಕಿಟಕಿಯ ಕಟ್ಟೆಯ ಮೇಲೆ ಕಾಗದ ಇಟ್ಟು. ಕೂತರೆ ಕಾಲು ತಾನಾಗಿ ಕುಣಿಯುತ್ತದೆ. ನಿದ್ದೆಯಿಲ್ಲ. ಮಗು ಮಲಗಿದರೂ ಇಲ್ಲ. ಅದು ಅತ್ತರೆ ಎತ್ತಿಕೊಳ್ಳುತ್ತೇನೆ, ಹಾಲು ಕುಡಿಸುತ್ತೇನೆ, ಬಟ್ಟೆ ಬದಲಿಸುತ್ತೇನೆ. ಯಾರದೋ ಮನೆಯ ಪಾತ್ರೆ ತೊಳೆದ ಹಾಗೆ. ಬಂದವರೆಲ್ಲ ‘ಮುಖ ನೋಡು, ಪಟ್ಟ ಕಷ್ಟವೆಲ್ಲ ಮರೆತುಹೋಗುತ್ತೆ’ ಎನ್ನುತ್ತಾರೆ. ನೋಡುತ್ತೇನೆ. ಒಂದು ಮುಖ ಕಾಣುತ್ತದೆ. ಅದರಾಚೆ ಏನೂ ಇಲ್ಲ.

ಸೋಮವಾರ ನಡೆದದ್ದನ್ನು ಹೇಳಿಬಿಡುತ್ತೇನೆ. ಇವರು ಕೆಲಸಕ್ಕೆ ಹೋಗಿದ್ದರು. ಮಗು ಮಲಗಿತ್ತು. ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದೆ. ಸ್ಟಾಪಿಗೆ ನಡೆದೆ, ಬಸ್ಸು ಹತ್ತಿದೆ, ಕಾರ್ಖಾನೆಗೆ ಹೋಗಿ ನನ್ನ ಸೀಟಿನಲ್ಲಿ ಕೂತೆ. ಹೆಡ್‌ಫೋನ್ ತಲೆಗೇರಿಸಿದಾಗ ಅಷ್ಟು ದಿನದಲ್ಲಿ ಮೊದಲ ಸಲ ನೆಟ್ಟಗೆ ಉಸಿರಾಡಿದೆ. ಪಕ್ಕದ ಸೀಟಿನವಳು ‘ಅಯ್ಯೋ, ಮಗೂನ ಯಾರ ಹತ್ರ ಬಿಟ್ಟು ಬಂದೆ?’ ಎಂದಳು. ಆಗ ನೆನಪಾಯಿತು. ಮರೆತಿದ್ದೆ ಎಂದಲ್ಲ ಅಕ್ಕಾ, ಇದೆ ಎಂದು ಗೊತ್ತಿತ್ತು. ಗೊತ್ತಿದ್ದೂ ಕಾಲು ನಡೆದುಕೊಂಡು ಬಂದಿತ್ತು.

ವಾಪಸ್ಸು ಬಂದಾಗ ಟೈಲರಮ್ಮ ಮಗುವನ್ನೆತ್ತಿಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. ಅತ್ತೂ ಅತ್ತೂ ಅದರ ಮುಖ ಕೆಂಪಾಗಿತ್ತು. ‘ಎಲ್ಲಿಗೆ ಹೋಗಿದ್ದೆ?’ ಎಂದರು. ‘ಔಷಧಿ ಅಂಗಡಿಗೆ’ ಎಂದೆ. ಅವರು ನನ್ನ ಖಾಲಿ ಕೈ ನೋಡಿದರು.

ಇದು ಅಪ್ಪನಿಂದಲೇ ಬಂದಿರಬೇಕು. ಹೆಣ್ಣು ಹುಟ್ಟಿದರೆ ಕಲ್ಲಾಗುವ ಮನಸ್ಸು. ಅವರನ್ನು ಇಷ್ಟು ವರ್ಷ ದೂರಿದವಳು ನಾನೇ ಅವರಂತಾಗಿ ಕೂತಿದ್ದೇನೆ. ಇವರಿಗೆ ಹೇಳಿಲ್ಲ. ನಾಳೆ ಮತ್ತೆ ಕಾಲು ಹೊರಟರೆ ಏನು ಮಾಡಲಿ?

ಇದನ್ನು ಯಾರಿಗೂ ಓದಬೇಡ.

ಸಾಕು


ಮೇ 7

ಸಾಕೂ,

ಯಾರಿಗೂ ಓದಬೇಡ ಎನ್ನುವ ಸಾಲನ್ನು ನೀನು ಕೊನೆಯಲ್ಲಿ ಬರೆದಿದ್ದೆ. ಅಷ್ಟು ಹೊತ್ತಿಗೆ ಎಲ್ಲ ಓದಿಯಾಗಿತ್ತು.

ನಾನು ಬೇಕರಿಯಲ್ಲಿದ್ದೆ. ಪೋಸ್ಟ್ ಬಂತು, ಅಪ್ಪನಿಗೆ ಸಂಜೆಯವರೆಗೆ ತಡೆಯಲಾಗಲಿಲ್ಲ. ‘ಮಗು ಹೇಗಿದೆ ಅಂತ ಬರೆದಿರ್ತಾಳೆ, ನೀನೇ ಓದು’ ಎಂದರಂತೆ ಅಮ್ಮನಿಗೆ. ಅಮ್ಮ ಓದಲು ಕಲಿತದ್ದು ನಿನ್ನ ಒಂದನೇ ಕ್ಲಾಸಿನ ಪುಸ್ತಕದಲ್ಲಿ, ನಿನ್ನ ಪಕ್ಕ ಕೂತು. ಅಕ್ಷರಕ್ಕೆ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಬೇಕು ಅವಳು. ನುಂಗುವುದು ಅವಳಿಗೆ ಬರುವುದಿಲ್ಲ. ನಾನು ಮನೆಗೆ ಬಂದಾಗ ಇಬ್ಬರೂ ದೀಪ ಹಾಕದೆ ಕೂತಿದ್ದರು.

ಮೊದಲು ಇದನ್ನು ಕೇಳು. ಬೇಕರಿಯ ಫೋನಿನಿಂದ ಕಾರ್ಖಾನೆಗೆ ಮಾತಾಡಿ, ನಿನ್ನವರನ್ನು ಲೈನಿಗೆ ಕರೆಸಿ, ರಜೆ ಹಾಕಿ ಮನೆಯಲ್ಲಿರಿ ಎಂದು ಹೇಳಿದ್ದೇನೆ. ಹೆಂಡತಿಗೆ ಹುಷಾರಿಲ್ಲ, ಒಂಟಿಯಾಗಿ ಬಿಡಬೇಡಿ, ಏನೂ ಕೇಳಬೇಡಿ ಎಂದೆ. ಅವರು ‘ನನಗೂ ಹಾಗೇ ಅನ್ನಿಸ್ತಿತ್ತು ಅಕ್ಕ, ಹೇಗೆ ಕೇಳೋದು ಗೊತ್ತಾಗಲಿಲ್ಲ’ ಎಂದರು. ಒಳ್ಳೆಯವರು.

ಅಮ್ಮ ಈಗ ನನ್ನ ಪಕ್ಕದಲ್ಲೇ ಕೂತಿದ್ದಾಳೆ. ‘ಎಲ್ಲ ಬರೆ, ಏನೂ ಬಿಡಬೇಡ’ ಎನ್ನುತ್ತಿದ್ದಾಳೆ. ಬರೆಯುತ್ತೇನೆ.

ನೀನು ಹುಟ್ಟಿದ ಮೇಲೆ ಅಮ್ಮ ನಿನ್ನನ್ನು ನೋಡಲಿಲ್ಲ. ನಾನೂ ನಡುವಿನವಳೂ ಹುಟ್ಟಿದಾಗ ಹಾಗಾಗಿರಲಿಲ್ಲ, ನಿನ್ನ ಸಲ ಆಯಿತು. ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಹಾಲು ಕೊಡಲು ನಿನ್ನನ್ನು ಪಕ್ಕಕ್ಕಿಟ್ಟರೆ ‘ಇದನ್ನ ನನ್ನ ಕಣ್ಮುಂದೆಯಿಂದ ತಗೊಂಡು ಹೋಗಿ’ ಎನ್ನುತ್ತಿದ್ದಳು. ಒಮ್ಮೆ ಎದ್ದು ಹೊರಟೇಹೋಗಿ, ರೈಲು ಗೇಟಿನ ಹತ್ತಿರ ಸಿಕ್ಕಳು. ಜನ ಸೋಮಾರಿತನ ಎಂದರು, ಕೊಬ್ಬು ಎಂದರು. ಕಾಯಿಲೆ ಇರಬಹುದು ಎಂದು ಒಬ್ಬರೂ ಹೇಳಲಿಲ್ಲ.

ಆಗ ಟಾಕೀಸಿನಲ್ಲಿ ಕ್ಯಾಂಟೀನ್ ನಡೆಸುತ್ತಿದ್ದ ಗಂಡಹೆಂಡಿರು ಮನೆಗೆ ಬಂದರು. ಅವರಿಗೆ ಮಕ್ಕಳಿರಲಿಲ್ಲ. ಕೆಟ್ಟವರೇನಲ್ಲ. ಹೊಸ ಕಂಬಳಿ ತಂದಿದ್ದರು, ನಿನ್ನನ್ನು ಸುತ್ತಿಕೊಂಡು ಹೋಗಲು. ದೊಡ್ಡಮ್ಮನೇ ಮಾತಾಡಿ ಕರೆಸಿದ್ದಳು. ನಾನು ಬಾಗಿಲ ಹಿಂದೆ ನಿಂತಿದ್ದೆ. ಅಪ್ಪ ನಿನ್ನನ್ನು ಎತ್ತಿಕೊಂಡು ಹೊಸ್ತಿಲಲ್ಲೇ ನಿಂತರು, ಅವರನ್ನು ಒಳಗೆ ಬಿಡಲಿಲ್ಲ.

‘ಕೊಡಲ್ಲ. ನಾನು ಸಾಕ್ತೀನಿ’ ಎಂದರು.

‘ಗಂಡಸು ನೀನು, ಎರಡು ಆಟ ಓಡಿಸಬೇಕು ದಿನಾ. ಎಳೆ ಕೂಸನ್ನ ಹೇಗೆ ಸಾಕ್ತೀಯ?’ ಎಂದರು ಆ ಕ್ಯಾಂಟೀನಮ್ಮ.

‘ಹೇಗೋ. ಸಾಕ್ತೀನಿ.’

ಸಾಕಿದರು. ಪ್ರೊಜೆಕ್ಟರ್ ಕೋಣೆಯಲ್ಲಿ ರೀಲಿನ ಪೆಟ್ಟಿಗೆಯ ಮೇಲೆ ಹಾಸಿಗೆ ಮಾಡಿದ್ದರು. ಶಾಲೆ ಬಿಟ್ಟ ಮೇಲೆ ನಾನೂ ಅಲ್ಲಿಗೇ ಹೋಗುತ್ತಿದ್ದೆ. ಗೇಟಿನವನು, ಟಿಕೆಟ್ಟಿನವನು, ಎಲ್ಲರಿಗೂ ತಮಾಷೆ. ‘ಏನ್ ಆಪರೇಟ್ರೇ, ಸಾಕ್ತಾ ಇದ್ದೀರಾ?’ ‘ಸಾಕ್ತಾ ಇದ್ದೀನಿ.’ ಹಾಗೆ ನೀನು ಅವರೆಲ್ಲರ ಬಾಯಲ್ಲಿ ಸಾಕು ಆದೆ. ಬೇರೆ ಹೆಸರಿಡಲು ಯಾರಿಗೂ ಪುರುಸೊತ್ತಿರಲಿಲ್ಲ. ಶಾಲೆಗೆ ಸೇರಿಸುವಾಗ ಅಪ್ಪ ಅದನ್ನೇ ಬರೆಸಿದರು.

ಅಮ್ಮ ಒಂದೇ ದಿನಕ್ಕೆ ಸರಿಹೋಗಲಿಲ್ಲ. ನೀನು ಹಿಡಿದು ನಿಲ್ಲಲು ಕಲಿತಿದ್ದೆ. ಒಂದು ದಿನ ಅಪ್ಪನಿಗೆ ಜ್ವರ, ನಿನ್ನನ್ನು ಮನೆಯಲ್ಲೇ ಮಲಗಿಸಿದ್ದರು. ಅಮ್ಮ ಹೊಲಿಯುತ್ತಿದ್ದಳು. ನೀನು ಹೋಗಿ ಮಿಷನ್ನಿನ ಚಕ್ರ ಹಿಡಿದುಕೊಂಡೆಯಂತೆ. ಬೆರಳು ಸಿಕ್ಕಿಕೊಳ್ಳುತ್ತದೆ ಎಂದು ಅಮ್ಮ ಪೆಡಲು ನಿಲ್ಲಿಸಿದಳು. ಆಮೇಲೆ ನಿನ್ನನ್ನು ಎತ್ತಿಕೊಂಡಳು. ಅಲ್ಲಿಂದ ಮುಂದಿನದು ನಿನಗೇ ಗೊತ್ತು.

ಸಾಕಪ್ಪಾ ಸಾಕು ಎನ್ನುವ ಕಥೆ ಕಟ್ಟಿದವಳು ದೊಡ್ಡಮ್ಮ, ತಂಗಿಯ ಮೇಲೆ ಮಾತು ಬರಬಾರದೆಂದು. ನೀನು ಬಂದು ಕೇಳಿದ ದಿನ ಅಪ್ಪ ಅಮ್ಮನ ಮುಖ ನೋಡಿದ್ದು ಅದಕ್ಕೇ. ತಲೆ ಬಾಚಲು ಅವಳನ್ನು ಬಿಟ್ಟು ನಿನಗೆ ಬೇರೆ ಯಾರಿದ್ದರು? ಅದನ್ನು ಕೆಡಿಸುವುದು ಬೇಡ ಎಂದು ಸುಮ್ಮನಾದರು. ನಾನೂ ಸುಮ್ಮನಿದ್ದೆ. ಹೆರಿಗೆಗೆ ಬರಲು ಅಮ್ಮನಿಗೆ ಮಂಡಿಯಲ್ಲ ಅಡ್ಡಿ, ಹೆದರಿಕೆ. ಹಸುಗೂಸನ್ನು ನೋಡಿದರೆ ಮತ್ತೆ ಹಾಗಾದೀತು ಎಂದು.

ಈಗ ಬರುತ್ತಿದ್ದಾಳೆ. ‘ನನ್ನ ಮುಖ ನೋಡೋ ಮುಂಚೆ ಅವಳು ಇದನ್ನ ಓದಿರಲಿ. ಆಮೇಲೆ ಬಾಗಿಲು ತೆಗೀಲಿ, ಬಿಡಲಿ’ ಎಂದಳು. ಅದಕ್ಕೆ ಕಾಗದ ಮೊದಲು, ಅವಳು ಹಿಂದೆ. ಅಪ್ಪ ಬರುವುದಿಲ್ಲ. ನೀನು ಬೇಡ ಎಂದಿದ್ದನ್ನು ನಾನು ಓದಿರಲಿಲ್ಲ, ಈ ಸಲ ‘ನಾನೂ ಹೋಗಲಾ’ ಎಂದು ಕೇಳಿದ್ದಕ್ಕೆ ಹೇಳಿಬಿಟ್ಟೆ. ‘ಸರಿ’ ಎಂದರು.

ಅಕ್ಕ


ಮೇ 24

ಅಕ್ಕಾ,

ಬೇಗ ಬರೆಯಲಾಗಲಿಲ್ಲ. ನಿನ್ನ ಕಾಗದ ಓದಿದ ದಿನ ನಿನ್ನ ಮೇಲೆ, ಅಮ್ಮನ ಮೇಲೆ, ಎಲ್ಲರ ಮೇಲೂ ಸಿಟ್ಟು ಬಂತು. ಬಾಗಿಲು ತೆಗೆಯಬಾರದು ಎಂದುಕೊಂಡೆ. ತೆಗೆದವರು ಇವರು.

ಅಮ್ಮ ಬಂದು ಚೀಲ ಇಟ್ಟಳು. ಮಗುವನ್ನು ಎತ್ತಿಕೊಳ್ಳಲಿಲ್ಲ. ಮಂಚದ ಎದುರು ಸ್ಟೂಲಿನ ಮೇಲೆ ಕೂತು, ಕೈ ಎರಡೂ ತೊಡೆಯ ಮೇಲಿಟ್ಟುಕೊಂಡು ನೋಡಿದಳು. ‘ನನಗೆ ಈಗಲೂ ಎತ್ತಿಕೊಳ್ಳೋಕೆ ಭಯ ನೋಡು’ ಎಂದಳು. ನಾನು ‘ನನಗೂ’ ಎಂದೆ. ಎಷ್ಟೋ ಹೊತ್ತು ಹಾಗೇ ಇದ್ದೆವು, ಪರೀಕ್ಷೆಗೆ ಓದದೆ ಬಂದ ಇಬ್ಬರ ಹಾಗೆ. ಮಗು ಅತ್ತಾಗ ಇವರೇ ಬಂದು ಎತ್ತಿಕೊಂಡರು.

ಮಾರನೇ ದಿನ ಮೂವರೂ ಡಾಕ್ಟರಮ್ಮನ ಹತ್ತಿರ ಹೋದೆವು. ಸೋಮವಾರದ್ದನ್ನೂ ಹೇಳಿದೆ, ಇವರ ಮುಂದೆಯೇ. ಡಾಕ್ಟರಮ್ಮ ಗದರಲಿಲ್ಲ. ಇದು ಕಾಯಿಲೆ, ಕೆಟ್ಟತನ ಅಲ್ಲ, ಮಾತ್ರೆ ಕೊಡ್ತೀನಿ, ನಿದ್ದೆ ಮಾಡಬೇಕು, ವಾರಕ್ಕೊಮ್ಮೆ ಬಂದು ಮಾತಾಡಬೇಕು ಎಂದರು. ನಾವು ಏಳುವಾಗ ಅಮ್ಮ ಕೇಳಿದಳು, ‘ಡಾಕ್ಟ್ರೇ, ಈ ಕಾಯಿಲೆ ಇಪ್ಪತ್ತೆಂಟು ವರ್ಷದ ಹಿಂದೆಯೂ ಇತ್ತಾ?’

‘ಯಾವಾಗಲೂ ಇತ್ತಮ್ಮ’ ಎಂದರು ಅವರು.

ಅಮ್ಮ ಹೊರಗಿನ ಬೆಂಚಿನ ಮೇಲೆ ಕೂತು ಅತ್ತಳು. ಹೋಗಿಬರುವವರು ನೋಡುತ್ತಿದ್ದರು. ನಾನು ಅವಳ ಚೀಲ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ. ಆಮೇಲೆ ಕೂತೆ.

ಮೊನ್ನೆ ಅವಳು ಅಂದಳು, ‘ಪ್ರೀತಿ ಬಂದ ಮೇಲೆ ಸಾಕ್ತೀನಿ ಅಂತ ಕಾಯಬೇಡ. ನಿಮ್ಮಪ್ಪ ಕಾಯಲಿಲ್ಲ, ನಾನು ಕಾದೆ.’ ನನಗೆ ಎಲ್ಲ ಸರಿಹೋಗಿದೆ ಎಂದು ತಿಳಿಯಬೇಡ. ಇನ್ನೂ ಕಾಲು ಕುಣಿಯುತ್ತದೆ. ಆದರೆ ಮಧ್ಯಾಹ್ನ ನಿದ್ದೆ ಬರುತ್ತಿದೆ. ನಿನ್ನೆ ಮಗು ಸೀನಿತು, ನನಗೆ ನಗು ಬಂತು. ಅಷ್ಟು ಬರೆದುಕೊಳ್ಳಬಹುದು.

ಕೆಳಗಿನದನ್ನು ಅಪ್ಪನಿಗೆ ಓದು.

ಅಪ್ಪಾ, ನಾನು ಮಲಗಲಿ ಎಂದು ಡಾಕ್ಟರಮ್ಮ ಮಗುವಿಗೆ ನಡುವೆ ಬಾಟಲಿ ಹಾಲು ಕೊಡಲು ಹೇಳಿದ್ದಾರೆ. ಬಾಟಲಿ ಬಾಯಿಗಿಟ್ಟರೆ ನಾಲಗೆಯಿಂದ ತಳ್ಳುತ್ತದೆ. ಇವರು, ಟೈಲರಮ್ಮ, ಎಲ್ಲರೂ ನೋಡಿಯಾಯಿತು. ಅಮ್ಮನಿಗೆ ಗೊತ್ತಿಲ್ಲ. ‘ನಿಮ್ಮಪ್ಪನ್ನ ಕೇಳು’ ಎನ್ನುತ್ತಾಳೆ. ನೀವು ಹೇಗೆ ಕುಡಿಸುತ್ತಿದ್ದಿರಿ?

ಸಾಕು


ಮೇ 30

(ಅಪ್ಪ ಹೇಳಿದ ಹಾಗೇ ಬರೆದಿದ್ದೇನೆ. ಅಕ್ಕ)

ಸಾಕೂ,

ಮಗುವನ್ನ ಅಡ್ಡ ಮಲಗಿಸಿ ಕುಡಿಸಬೇಡ, ಮೂಗಿಗೆ ಬರುತ್ತೆ. ತಲೆ ಮೇಲಿರಲಿ. ಹಾಲು ಬಿಸಿ ಇದೆಯಾ ಅಂತ ಮಣಿಕಟ್ಟಿನ ಒಳಗಡೆ ಒಂದು ಹನಿ ಹಾಕ್ಕೊಂಡು ನೋಡು. ಬಾಟಲಿ ರಬ್ಬರು ಹೊಸದಿದ್ರೆ ವಾಸನೆ ಬರುತ್ತೆ, ಅದಕ್ಕೇ ತಳ್ಳುತ್ತೆ. ಎರಡು ಮೂರು ಸಲ ನೀರಲ್ಲಿ ಕುದಿಸು. ಬಾಯೊಳಗೆ ತುರುಕಬೇಡ, ತುಟಿಗೆ ತಾಗಿಸಿ ಸುಮ್ನೆ ಇರು. ಅದೇ ಹಿಡ್ಕೊಳುತ್ತೆ. ನೀನು ಹಿಡಿಯೋಕೆ ಎರಡು ದಿನ ತಗೊಂಡೆ. ನಾನು ಆ ಎರಡು ದಿನ ಹಾಲಲ್ಲಿ ಹತ್ತಿ ಅದ್ದಿ ಬಾಯಿಗೆ ಹಿಂಡಿದೆ.

ಒಂದ್ಸಲ ನಿನಗೆ ಕುಡಿಸ್ತಾ ರೀಲು ಬದಲಾಯಿಸೋದು ಮರೆತೆ. ಪರದೆ ಬೆಳ್ಳಗಾಗಿ ಜನ ಸೀಟಿ ಹೊಡೆದ್ರು. ಮಾಲೀಕ ಬಯ್ಯೋಕೆ ಮೇಲೆ ಹತ್ತಿ ಬಂದ. ನಮ್ಮಿಬ್ಬರನ್ನ ನೋಡಿ, ಬಾಗಿಲು ಮೆಲ್ಲಗೆ ಹಾಕ್ಕೊಂಡು ಇಳಿದು ಹೋದ.

ಹೆಸರು ಬದಲಾಯಿಸೋದಿದ್ರೆ ಬದಲಾಯಿಸು, ನಂದೇನೂ ಅಡ್ಡಿ ಇಲ್ಲ. ನನ್ನ ನಾಲಗೆ ಮಾತ್ರ ಹೊಸದಕ್ಕೆ ತಿರುಗಲ್ಲ, ಈಗಲೇ ಹೇಳಿಬಿಡ್ತೀನಿ. ಮಗುವಿನ ಹೆಸರಿಗೆ ಅವಸರ ಮಾಡಬೇಡ. ಅದೇನು ಬಸ್ಸು ಹಿಡೀಬೇಕಾ?

ನಿಮ್ಮಮ್ಮನ್ನ ಬೇಗ ಕಳಿಸಬೇಡ. ಇಲ್ಲಿ ನಾವಿಬ್ಬರೂ ಬ್ರೆಡ್ಡು ತಿಂದ್ಕೊಂಡು ಚೆನ್ನಾಗಿದ್ದೀವಿ.

ಸಂಜೆ ನಾಲ್ಕಕ್ಕೆ ಬೇಕರಿಯಲ್ಲಿ ಒಲೆ ಆರಿಸ್ತಾರೆ, ಆಮೇಲೆ ಸದ್ದಿರಲ್ಲ. ಸೋಮವಾರದಿಂದ ನಾನು ಅಲ್ಲಿ ಫೋನಿನ ಪಕ್ಕ ಕೂತಿರ್ತೀನಿ. ಯಾವತ್ತಾದ್ರೂ ಮಾಡು. ನನ್ನ ಹತ್ರ ಏನು ಮಾತಾಡೋದು ಅಂತ ಯೋಚನೆ ಮಾಡಬೇಡ. ಮಗುವನ್ನ ರಿಸೀವರಿನ ಹತ್ರ ಹಿಡಿ ಸಾಕು. ಅಳ್ತಾ ಇದ್ರೆ ಇನ್ನೂ ಒಳ್ಳೇದು.

ಅಪ್ಪ